ಪಟ್ಟಿ ಮೊದಲು, ಅಂಕಿ ಆಮೇಲೆ: ಆಣ್ವಿಕ ಜೀವವಿಜ್ಞಾನಿಯೊಬ್ಬರ ಪ್ರಕಟಣೆ ಮತ್ತು ಉಲ್ಲೇಖಗಳ ದಾಖಲೆ ಸಿದ್ಧಪಡಿಸುವ ಬಗೆ

ಬಡ್ತಿಯ ಅರ್ಜಿ ತುಂಬುವ ದಿನಗಳಲ್ಲಿ ಅಧ್ಯಾಪಕರು, ಪಿಎಚ್.ಡಿ. ಪ್ರವೇಶದ ದಿನಗಳಲ್ಲಿ ಎಂ.ಎಸ್ಸಿ. ಮುಗಿಸಿದ ವಿದ್ಯಾರ್ಥಿಗಳು ತುಮಕೂರಿನ ನಮ್ಮ ಕಾಲೇಜು ಗ್ರಂಥಾಲಯದ ಮೇಜಿನ ಮುಂದೆ ನಿಂತು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು. ಅಧ್ಯಾಪಕರಿಗೆ ತಮ್ಮ ಎಚ್-ಇಂಡೆಕ್ಸ್ (ಲೇಖನಗಳನ್ನೂ ಅವುಗಳನ್ನು ಬೇರೆ ಲೇಖನಗಳು ಉಲ್ಲೇಖಿಸಿದ್ದನ್ನೂ ಸೇರಿಸಿ ಅಳೆಯುವ ಒಂದು ಅಂಕಿ) ಎಷ್ಟೆಂದು ಮುದ್ರಿಸಿದ ಒಂದು ಹಾಳೆ ಬೇಕು. ವಿದ್ಯಾರ್ಥಿಗೆ ತಾನು ಸೇರಬೇಕೆಂದಿರುವ ಗೈಡ್ ಅವರ ಎಚ್-ಇಂಡೆಕ್ಸ್ ಒಳ್ಳೆಯದೋ ಅಲ್ಲವೋ ತಿಳಿಯಬೇಕು. ಇಬ್ಬರಿಗೂ ನಾನು ಮೊದಲು ಕೊಡುವುದು ಅಂಕಿಯನ್ನಲ್ಲ, ಖಾಲಿ ಕೋಷ್ಟಕವೊಂದನ್ನು. ಅದರಲ್ಲಿ ಲೇಖನಗಳ ಪಟ್ಟಿ ತುಂಬಿದ ಮೇಲಷ್ಟೇ ಲೆಕ್ಕದ ಮಾತು. ಪಟ್ಟಿಯಲ್ಲಿ ಬೇರೆಯವರ ಐದು ಲೇಖನ ಸೇರಿಕೊಂಡಿದ್ದರೆ, ಅಥವಾ ಅವರದೇ ಐದು ಬಿಟ್ಟುಹೋಗಿದ್ದರೆ, ಅದರ ಮೇಲೆ ಕಟ್ಟಿದ ಅಂಕಿ ಎಷ್ಟು ನಿಖರವಾಗಿ ಕಂಡರೂ ಸುಳ್ಳೇ. ಈ ಮಾರ್ಗದರ್ಶಿಯಲ್ಲಿ ಹೇಳುವ ಕ್ರಮ ಯಾವ ವಿಷಯದ ಸಂಶೋಧಕರಿಗಾದರೂ ಹೊಂದುತ್ತದೆಯಾದರೂ, ಲೇಖಕರ ಕ್ರಮ, ಪ್ರೀಪ್ರಿಂಟ್ (ಜರ್ನಲ್ಲಿನ ಪರಿಶೀಲನೆಗೆ ಮೊದಲೇ ಹೊರಬಿಡುವ ಲೇಖನ), ಪ್ರಯೋಗದ ಜೆಲ್ ಚಿತ್ರಗಳ ಪರಿಶೀಲನೆ ಮುಂತಾದ ಕೆಲವು ಸಂಗತಿಗಳನ್ನು ಆಣ್ವಿಕ ಜೀವವಿಜ್ಞಾನವನ್ನು (ಮಾಲೆಕ್ಯುಲರ್ ಬಯಾಲಜಿ) ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಆರಂಭಿಸುವ ಮೊದಲು ಒಂದು ಹಾಳೆಯ ತಲೆಯಲ್ಲಿ ಈ ದಾಖಲೆ ಯಾರಿಗಾಗಿ, ಯಾವ ತೀರ್ಮಾನಕ್ಕಾಗಿ ಎಂದು ಬರೆದುಕೊಳ್ಳಿ. ಬಡ್ತಿಯ ಸಮಿತಿಗೆ ನಿಯಮಕ್ಕೆ ತಕ್ಕ ಎಣಿಕೆ ಬೇಕು, ಧನಸಹಾಯ ಕೊಡುವ ಸಂಸ್ಥೆಗೆ ಕಳೆದ ಐದು ವರ್ಷಗಳ ಕೆಲಸ ಬೇಕು, ಗೈಡ್ ಹುಡುಕುವ ವಿದ್ಯಾರ್ಥಿಗೆ ಆ ಪ್ರಯೋಗಾಲಯದ ವಿದ್ಯಾರ್ಥಿಗಳು ಮೊದಲ ಲೇಖಕರಾಗಿ ಪ್ರಕಟಿಸುತ್ತಿದ್ದಾರೆಯೇ ಎಂಬುದು ತಿಳಿಯಬೇಕು. ಒಂದೇ ಪಟ್ಟಿಯಿಂದ ಮೂವರಿಗೂ ಉತ್ತರ ಸಿಗುತ್ತದೆ, ಆದರೆ ಅದರ ಬೇರೆ ಬೇರೆ ಕಾಲಂಗಳಿಂದ.

ಮೊದಲ ಹಂತ: ಹೆಸರನ್ನು ಬಿಡಿಸುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಹಿಡಿಯುವುದು ಇದೇ. ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆಂದು ದಾಖಲಿಸುವ ಉಲ್ಲೇಖ ದತ್ತಸಂಚಯಗಳು ಹುಟ್ಟಿದ್ದು ಕುಲನಾಮವಿರುವ ಹೆಸರುಗಳನ್ನು ನೆಚ್ಚಿಕೊಂಡು. ನಮ್ಮ ಕಡೆಯ ಹೆಸರುಗಳಲ್ಲಿ ಇರುವುದು ಇನಿಷಿಯಲ್. ಆ ಇನಿಷಿಯಲ್ ಒಮ್ಮೆ ಊರಿನದು, ಒಮ್ಮೆ ತಂದೆಯದು, ಹಲವು ಸಲ ಎರಡೂ. ಗುಬ್ಬಿ ತಾಲ್ಲೂಕಿನ ಸಿದ್ದಗಂಗಪ್ಪನವರ ಮಗ ಮಂಜುನಾಥ ಎಂಬ ಕಲ್ಪಿತ ಸಂಶೋಧಕರನ್ನು ತೆಗೆದುಕೊಳ್ಳೋಣ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವರು ಮಂಜುನಾಥ ಜಿ.ಎಸ್. ಮೊದಲ ಲೇಖನದಲ್ಲಿ ಜಿ.ಎಸ್. ಮಂಜುನಾಥ. ಪೋಸ್ಟ್‌ಡಾಕ್‌ಗೆಂದು (ಪಿಎಚ್.ಡಿ. ನಂತರದ ಸಂಶೋಧನೆಗೆ) ಹೊರದೇಶಕ್ಕೆ ಹೊರಟಾಗ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾಗಿ, ಕುಲನಾಮದ ಜಾಗದಲ್ಲಿ ತಂದೆಯ ಹೆಸರು ಕುಳಿತು, ಅಲ್ಲಿ ಪ್ರಕಟವಾದ ನಾಲ್ಕು ಲೇಖನಗಳಲ್ಲಿ ಅವರು ಎಂ. ಸಿದ್ದಗಂಗಪ್ಪ ಆಗಿಬಿಡುತ್ತಾರೆ. ತಂದೆಯ ಹೆಸರಿನಲ್ಲಿ ಮಗ ಪ್ರಸಿದ್ಧನಾಗುವ ಈ ವಿಚಿತ್ರ ನಮ್ಮ ಸೀಮೆಯ ಅನೇಕ ವಿಜ್ಞಾನಿಗಳ ಪಾಡು. ಇದರ ಮೇಲೆ ಇಂಗ್ಲಿಷ್ ಕಾಗುಣಿತದ ತೊಡಕು ಬೇರೆ: ಮಂಜುನಾಥ ಎಂಬುದರ ಕೊನೆಯಲ್ಲಿ 'ಎ' ಅಕ್ಷರ ಇದ್ದೂ ಇಲ್ಲದೆಯೂ ಬರೆಯುತ್ತಾರೆ, ಸಿದ್ದಗಂಗಪ್ಪ ಎಂಬಲ್ಲಿ 'ಡಿ' ಒಂದೋ ಎರಡೋ, ಅದರ ಜೊತೆ 'ಎಚ್' ಉಂಟೋ ಇಲ್ಲವೋ. ಮಹಿಳೆಯರ ವಿಷಯದಲ್ಲಿ ಮದುವೆಯ ನಂತರ ಇನಿಷಿಯಲ್ ಬದಲಾಗಿದೆಯೇ ಎಂದೂ ಕೇಳಿಕೊಳ್ಳಬೇಕು.

ಆದ್ದರಿಂದ ಹುಡುಕಾಟಕ್ಕೆ ಮೊದಲು ಸಾಧ್ಯವಿರುವ ಎಲ್ಲ ರೂಪಗಳನ್ನು ಒಂದು ಕಡೆ ಬರೆಯಿರಿ. ಸಂಶೋಧಕರು ಸಿಗುವವರಾದರೆ ಅವರನ್ನೇ ಕೇಳಿ; ಇಲ್ಲದಿದ್ದರೆ ಅವರ ಪಿಎಚ್.ಡಿ. ಪ್ರಬಂಧದ ಮುಖಪುಟ ನೋಡಿ. ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಎಂಬ ತಾಣದಲ್ಲಿ ಸಿಗುತ್ತವೆ, ಮತ್ತು ಪ್ರಬಂಧದ ಕೊನೆಯಲ್ಲಿ ಆಗ ಪ್ರಕಟವಾಗಿದ್ದ ಲೇಖನಗಳ ಪಟ್ಟಿಯೂ ಸಾಮಾನ್ಯವಾಗಿ ಇರುತ್ತದೆ. ಹಳೆಯ ಹೆಸರಿನ ಎಳೆ ಹಿಡಿಯಲು ಅದಕ್ಕಿಂತ ಒಳ್ಳೆಯ ತಾಣವನ್ನು ನಾನು ಕಂಡಿಲ್ಲ.

ಹೆಸರಿನಂತೆಯೇ ವಿಳಾಸವೂ ಕೈಕೊಡುತ್ತದೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ಟುಮ್ಕೂರ್ ಎಂಬುದು ತುಮಕೂರು ಆಯಿತು, ಬ್ಯಾಂಗಲೋರ್ ಬೆಂಗಳೂರಾಯಿತು. ಹಾಗಾಗಿ ಸಂಸ್ಥೆಯ ವಿಳಾಸದಿಂದ ಹುಡುಕುವವರು ಎರಡೂ ಕಾಗುಣಿತವನ್ನು ಹಾಕಿ ನೋಡಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಹಿಂದೆ ಶಿಡ್ಲಘಟ್ಟ, ಚಿಂತಾಮಣಿಗಳಿಂದ ಬಂದ ಲೇಖನಗಳ ವಿಳಾಸದಲ್ಲಿ ಕೋಲಾರ ಜಿಲ್ಲೆ ಎಂದಿರುತ್ತದೆ. ತುಮಕೂರು ವಿಶ್ವವಿದ್ಯಾಲಯ ಹುಟ್ಟಿದ್ದು 2004ರಲ್ಲಿ, ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ 2017ರಲ್ಲಿ. ಅದಕ್ಕೂ ಮುಂಚಿನ ಕೆಲಸ ಬೆಂಗಳೂರು ವಿಶ್ವವಿದ್ಯಾಲಯದ ಹೆಸರಿನಲ್ಲಿ ದಾಖಲಾಗಿರುವ ಸಂಭವ ಹೆಚ್ಚು.

ಸಂಶೋಧಕರೊಬ್ಬೊಬ್ಬರಿಗೂ ಬೇರೆಯಾಗಿ ಸಿಗುವ, ಹದಿನಾರು ಅಂಕಿಗಳ ಆರ್ಕಿಡ್ (ORCID) ಗುರುತು ಸಂಖ್ಯೆ 2012ರಲ್ಲಿ ಬಳಕೆಗೆ ಬಂದದ್ದು ಈ ಗೋಜಲನ್ನು ಬಿಡಿಸುವುದಕ್ಕಾಗಿಯೇ. ಆದರೆ ಸಂಖ್ಯೆ ಇದೆ ಎಂದರೆ ಪಟ್ಟಿ ಇದೆ ಎಂದಲ್ಲ. ಬಹಳ ಜನ ಯಾವುದೋ ಜರ್ನಲ್ ಕೇಳಿತೆಂದು ಒಂದು ಸಂಜೆ ನೋಂದಾಯಿಸಿ, ಆಮೇಲೆ ಆ ಕಡೆ ತಿರುಗಿಯೂ ನೋಡಿರುವುದಿಲ್ಲ.

ಎರಡನೆಯ ಹಂತ: ನಾಲ್ಕು ಕಡೆಯಿಂದ ತರುವುದು

ಒಂದೇ ದತ್ತಸಂಚಯವನ್ನು ನಂಬಿ ಪಟ್ಟಿ ಮಾಡಬೇಡಿ. ಮೊದಲು ಪಬ್‌ಮೆಡ್. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಈ ಉಚಿತ ಸೇವೆ 1996ರಲ್ಲಿ ಆರಂಭವಾಯಿತು. ಆಣ್ವಿಕ ಜೀವವಿಜ್ಞಾನದ ಮುಖ್ಯ ಜರ್ನಲ್‌ಗಳೆಲ್ಲ ಇದರಲ್ಲಿವೆ. ಇಲ್ಲಿ ಹೆಸರನ್ನು ಹಿಂದುಮುಂದಾಗಿ, ಅಂದರೆ ಮೊದಲು ಕುಲನಾಮ, ನಂತರ ಚುಕ್ಕಿಯಿಲ್ಲದ ಇನಿಷಿಯಲ್‌ಗಳು ಎಂಬ ಕ್ರಮದಲ್ಲಿ ಹಾಕಿ, ಕೊನೆಗೆ ಚೌಕ ಆವರಣದಲ್ಲಿ ಲೇಖಕ ಎಂಬುದರ ಇಂಗ್ಲಿಷ್ ಸೂಚಕವನ್ನು ([au]) ಸೇರಿಸಿ ಹುಡುಕಬೇಕು. ಇದರ ಎರಡು ಮಿತಿಗಳನ್ನು ನೆನಪಿಡಿ. 2002ಕ್ಕೂ ಹಿಂದಿನ ದಾಖಲೆಗಳಲ್ಲಿ ಲೇಖಕರ ಪೂರ್ಣ ಹೆಸರಿರುವುದಿಲ್ಲ, ಇನಿಷಿಯಲ್ ಮಾತ್ರ. ಎಲ್ಲ ಲೇಖಕರ ವಿಳಾಸ ಸಿಗತೊಡಗಿದ್ದು ಸುಮಾರು 2014ರಿಂದ ಈಚೆಗೆ. ಅದಕ್ಕೂ ಮೊದಲು ಮೊದಲ ಲೇಖಕರ ವಿಳಾಸವೊಂದೇ. ತುಮಕೂರಿನ ಅಧ್ಯಾಪಕರು ಬೆಂಗಳೂರಿನ ಪ್ರಯೋಗಾಲಯವೊಂದರ ಜೊತೆ 2009ರಲ್ಲಿ ಮೂರನೆಯ ಲೇಖಕರಾಗಿ ಬರೆದದ್ದು ಊರಿನ ಹೆಸರು ಹಾಕಿ ಹುಡುಕಿದರೆ ಸಿಗದಿರಲು ಇದೇ ಕಾರಣ.

ಎರಡನೆಯದು ಗೂಗಲ್ ಸ್ಕಾಲರ್. 2004ರಲ್ಲಿ ಬಂದ ಇದು ಪ್ರಬಂಧ, ಪುಸ್ತಕದ ಅಧ್ಯಾಯ, ಪ್ರೀಪ್ರಿಂಟ್, ಸಮ್ಮೇಳನದ ಸಾರಾಂಶ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಅದರಿಂದ ತಪ್ಪಿಸಿಕೊಳ್ಳುವುದು ಕಡಿಮೆ ಎಂಬುದು ಅನುಕೂಲ, ಜೊಳ್ಳೂ ಕಾಳೂ ಒಟ್ಟಿಗೆ ಬರುತ್ತವೆ ಎಂಬುದು ಅನನುಕೂಲ. ಸಂಶೋಧಕರ ಸ್ವಂತ ಪ್ರೊಫೈಲ್ ಇದ್ದರೂ ಕಣ್ಣುಮುಚ್ಚಿ ನಂಬಬಾರದು. ಹೊಸ ಲೇಖನಗಳು ತಾವಾಗಿಯೇ ಸೇರಲಿ ಎಂದು ಆಯ್ಕೆ ಮಾಡಿಟ್ಟಿದ್ದರೆ, ಅದೇ ಹೆಸರಿನ ಇನ್ನಾರದೋ ಮೂಳೆ ಶಸ್ತ್ರಚಿಕಿತ್ಸೆಯ ಲೇಖನವೂ ಸಿವಿಲ್ ಎಂಜಿನಿಯರಿಂಗ್ ಲೇಖನವೂ ಅಲ್ಲಿ ಬಂದು ಕೂರುತ್ತವೆ.

ಮೂರನೆಯದು ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್. ಇವೆರಡೂ ಚಂದಾ ಕಟ್ಟಬೇಕಾದ ಉಲ್ಲೇಖ ದತ್ತಸಂಚಯಗಳು. ನಿಮ್ಮ ಸಂಸ್ಥೆಯಲ್ಲಿ ಇಲ್ಲದಿದ್ದರೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸಿ. ನಾಲ್ಕನೆಯದು ಓಪನ್‌ಅಲೆಕ್ಸ್. ಮೈಕ್ರೋಸಾಫ್ಟ್ ಅಕಾಡೆಮಿಕ್ 2021ರ ಕೊನೆಗೆ ಮುಚ್ಚಿದಾಗ ಅದರ ಜಾಗ ತುಂಬಲು 2022ರಲ್ಲಿ ಬಂದ ಈ ಉಚಿತ ದತ್ತಸಂಚಯ, ಚಂದಾ ಕಟ್ಟಲಾಗದ ಸಣ್ಣ ಕಾಲೇಜುಗಳಿಗೆ ನಿಜಕ್ಕೂ ವರದಾನ. ಒಂದೇ ಹೆಸರಿನ ಬೇರೆ ಬೇರೆಯವರನ್ನು ಬೆರೆಸಿ ಮಾತ್ರ ಅದೂ ಎಡವುತ್ತದೆ.

ಮೂರನೆಯ ಹಂತ: ಕೋಷ್ಟಕ ತುಂಬುವುದು

ನಾಲ್ಕು ಕಡೆಯಿಂದ ತಂದ ಪಟ್ಟಿಗಳನ್ನು ಒಂದೇ ಎಕ್ಸೆಲ್ ಹಾಳೆಗೆ ಸುರಿದು, ಒಂದೊಂದು ಲೇಖನಕ್ಕೂ ಬೇರೆಯಾಗಿ ಕೊಡುವ ಡಿಒಐ ಗುರುತು ಸಂಖ್ಯೆಯ ಪ್ರಕಾರ ಸಾಲಾಗಿ ಜೋಡಿಸಿದರೆ ಪುನರಾವರ್ತನೆಗಳು ಕಣ್ಣಿಗೆ ಬೀಳುತ್ತವೆ. ಡಿಒಐ ಇಲ್ಲದ ಹಳೆಯ ಲೇಖನಗಳನ್ನು ಶೀರ್ಷಿಕೆ, ಸಂಪುಟ, ಪುಟಸಂಖ್ಯೆ ನೋಡಿ ಕೈಯಿಂದಲೇ ಹೊಂದಿಸಬೇಕು. ಪ್ರತಿ ಸಾಲಿಗೆ ವರ್ಷ, ಶೀರ್ಷಿಕೆ, ಜರ್ನಲ್, ಲೇಖನದ ಬಗೆ, ಒಟ್ಟು ಲೇಖಕರು, ಇವರ ಸ್ಥಾನ, ಕರೆಸ್ಪಾಂಡಿಂಗ್ ಲೇಖಕರೇ (ಲೇಖನದ ಪತ್ರವ್ಯವಹಾರದ ಹೊಣೆ ಹೊತ್ತವರೇ) ಅಲ್ಲವೇ, ಉಲ್ಲೇಖಗಳ ಸಂಖ್ಯೆ, ಅದನ್ನು ನೋಡಿದ ದಿನಾಂಕ ಎಂಬ ಕಾಲಂಗಳು ಸಾಕು.

ಲೇಖನದ ಬಗೆಯ ಕಾಲಂ ಬಗ್ಗೆ ಉದಾಸೀನ ಮಾಡಬೇಡಿ. ಪ್ರಯೋಗದಿಂದ ಹೊಸದೊಂದನ್ನು ಕಂಡುಕೊಂಡ ಮೂಲ ಲೇಖನ, ಆ ವಿಷಯದಲ್ಲಿ ಆದದ್ದನ್ನೆಲ್ಲ ಕ್ರೋಡೀಕರಿಸಿದ ವಿಮರ್ಶಾ ಲೇಖನ, ಹೊಸ ವಿಧಾನವನ್ನೋ ಸಾಫ್ಟ್‌ವೇರನ್ನೋ ವಿವರಿಸಿದ ಲೇಖನ, ಸಂಪಾದಕರಿಗೆ ಪತ್ರ, ತಿದ್ದುಪಡಿ, ಸಮ್ಮೇಳನದ ಸಾರಾಂಶ ಇವೆಲ್ಲ ಬೇರೆ ಬೇರೆ. ವಿಮರ್ಶಾ ಲೇಖನಗಳು ಮೂಲ ಲೇಖನಗಳಿಗಿಂತ ಹೆಚ್ಚು ಉಲ್ಲೇಖ ಗಳಿಸುವುದು ಸಾಮಾನ್ಯ. ಬಯೋಆರ್ಕೈವ್ ಎಂಬ ಪ್ರೀಪ್ರಿಂಟ್ ತಾಣ 2013ರಲ್ಲಿ ಬಂದ ಮೇಲೆ ಒಂದೇ ಕೆಲಸ ಪ್ರೀಪ್ರಿಂಟ್ ಆಗಿ ಒಮ್ಮೆ, ಜರ್ನಲ್ ಲೇಖನವಾಗಿ ಮತ್ತೊಮ್ಮೆ, ಕೆಲವೊಮ್ಮೆ ಬೇರೆ ಶೀರ್ಷಿಕೆಯಲ್ಲಿ ಪಟ್ಟಿಗೆ ಬರುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿ. ಪ್ರೀಪ್ರಿಂಟಿನ ಡಿಒಐಯನ್ನು ಪಕ್ಕದಲ್ಲಿ ಬರೆದಿಡಿ.

ಕನ್ನಡದಲ್ಲಿ ವಿಭಾಗದ ಹೆಸರು ನೋಡಿ ವಿಷಯ ನಿರ್ಧರಿಸುವವರಿಗೊಂದು ಎಚ್ಚರಿಕೆ. ಅಣುಜೀವಶಾಸ್ತ್ರ ಎಂಬ ಪದವನ್ನು ಕೆಲವರು ಮಾಲೆಕ್ಯುಲರ್ ಬಯಾಲಜಿಗೂ, ಹೆಚ್ಚಿನವರು ಮೈಕ್ರೋಬಯಾಲಜಿಗೂ ಬಳಸುತ್ತಾರೆ. ಒಂದು ಡಿಎನ್ಎ, ಆರ್‌ಎನ್‌ಎ, ಪ್ರೋಟೀನುಗಳ ವ್ಯವಹಾರ. ಇನ್ನೊಂದು ಬ್ಯಾಕ್ಟೀರಿಯ, ಶಿಲೀಂಧ್ರಗಳ ವ್ಯವಹಾರ. ಕಾಲಂ ತುಂಬುವಾಗ ವಿಭಾಗದ ಫಲಕವನ್ನಲ್ಲ, ಲೇಖನದ ಸಾರಾಂಶವನ್ನು ಓದಿ.

ನಾಲ್ಕನೆಯ ಹಂತ: ಲೇಖಕರ ಸಾಲಿನಲ್ಲಿ ಎಲ್ಲಿ ನಿಂತಿದ್ದಾರೆ

ಗಣಿತದಲ್ಲಿ ಲೇಖಕರ ಹೆಸರುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಬರೆಯುವ ರೂಢಿಯಿದೆ. ಆಣ್ವಿಕ ಜೀವವಿಜ್ಞಾನದಲ್ಲಿ ಕ್ರಮವೇ ಒಂದು ಹೇಳಿಕೆ. ಮೊದಲನೆಯವರು ಪ್ರಯೋಗಾಲಯದ ಮೇಜಿನ ಮೇಲೆ ಪಿಪೆಟ್ ಹಿಡಿದು ಹೆಚ್ಚಿನ ಕೆಲಸ ಮಾಡಿದವರು, ಸಾಮಾನ್ಯವಾಗಿ ವಿದ್ಯಾರ್ಥಿ ಅಥವಾ ಪೋಸ್ಟ್‌ಡಾಕ್. ಕೊನೆಯವರು ಆ ಪ್ರಯೋಗಾಲಯದ ಮುಖ್ಯಸ್ಥರು, ಅಂದರೆ ಆಲೋಚನೆ, ಹಣ, ಹೊಣೆ ಹೊತ್ತವರು. ಮಧ್ಯದವರು ಒಂದು ಮಾದರಿ ಕೊಟ್ಟವರೂ ಆಗಿರಬಹುದು, ಲೆಕ್ಕಾಚಾರವನ್ನೆಲ್ಲ ಮಾಡಿದವರೂ ಆಗಿರಬಹುದು. ಇಬ್ಬರು ಸಮಾನವಾಗಿ ದುಡಿದಿದ್ದಾರೆ ಎಂಬ ನಕ್ಷತ್ರ ಚಿಹ್ನೆಯನ್ನು ದತ್ತಸಂಚಯ ಬಹುಮಟ್ಟಿಗೆ ತೋರಿಸುವುದಿಲ್ಲ. ಅದಕ್ಕೆ ಲೇಖನದ ಮೊದಲ ಪುಟವನ್ನೇ ತೆರೆಯಬೇಕು. ಈಚಿನ ಹಲವು ಜರ್ನಲ್‌ಗಳು ಯಾರು ಏನು ಮಾಡಿದರೆಂದು 14 ಬಗೆಯ ಪಾತ್ರಗಳಾಗಿ ವಿಂಗಡಿಸಿದ ಕ್ರೆಡಿಟ್ ಹೇಳಿಕೆಯನ್ನು ಕೊನೆಯಲ್ಲಿ ಮುದ್ರಿಸುತ್ತವೆ. ಎರಡು ನಿಮಿಷ ಕೊಟ್ಟು ಅದನ್ನು ಓದಿದರೆ ಮಧ್ಯದ ಹೆಸರಿನ ತೂಕ ತಿಳಿಯುತ್ತದೆ.

ಒಬ್ಬರ ವೃತ್ತಿಜೀವನವನ್ನು ವರ್ಷಗಳ ಕ್ರಮದಲ್ಲಿಟ್ಟು ಈ ಕಾಲಂ ಒಂದನ್ನೇ ಮೇಲಿನಿಂದ ಕೆಳಗೆ ಓದಿ ನೋಡಿ. ಮೊದಲ ಹತ್ತು ವರ್ಷ ಮೊದಲ ಸ್ಥಾನದಲ್ಲಿದ್ದ ಹೆಸರು, ಸ್ವಂತ ಪ್ರಯೋಗಾಲಯ ಹೂಡಿದ ಮೇಲೆ ಕೊನೆಗೆ ಸರಿಯಬೇಕು. ಹದಿನೈದು ವರ್ಷವಾದರೂ ಹಳೆಯ ಗೈಡ್ ಅವರ ಹೆಸರೇ ಕೊನೆಯಲ್ಲಿದ್ದರೆ ಕೇಳಬೇಕಾದ ಪ್ರಶ್ನೆಯೊಂದಿದೆ. ಆದರೆ ನಮ್ಮ ಜಿಲ್ಲಾ ಕೇಂದ್ರದ ಕಾಲೇಜುಗಳಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರ್ ಬೇಕೆಂದರೂ ಬೆಂಗಳೂರಿಗೆ ಬಸ್ಸು ಹತ್ತಬೇಕಾದ ಪರಿಸ್ಥಿತಿಯಲ್ಲಿ, ಮಧ್ಯದ ಸ್ಥಾನಗಳು ಹೆಚ್ಚಿರುವುದನ್ನು ಕೊರತೆಯೆಂದು ನಾನು ಓದುವುದಿಲ್ಲ. ಬಡ್ತಿಯ ಲೆಕ್ಕಕ್ಕೂ ಈ ಕಾಲಂ ಬೇಕೇ ಬೇಕು: ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಇಬ್ಬರಿಗಿಂತ ಹೆಚ್ಚು ಲೇಖಕರಿದ್ದಲ್ಲಿ ಮೊದಲ, ಪ್ರಧಾನ ಅಥವಾ ಕರೆಸ್ಪಾಂಡಿಂಗ್ ಲೇಖಕರಿಗೆ ಅಂಕದ ಶೇ. 70, ಉಳಿದವರಿಗೆ ತಲಾ ಶೇ. 30.

ಐದನೆಯ ಹಂತ: ಜರ್ನಲ್ ನಂಬತಕ್ಕದ್ದೇ, ಲೇಖನ ನಿಂತಿದೆಯೇ

ಜರ್ನಲ್ ಪಬ್‌ಮೆಡ್‌ನಲ್ಲೋ ಸ್ಕೋಪಸ್‌ನಲ್ಲೋ ಈಗ ಇದೆಯೇ ಎಂದಷ್ಟೇ ಅಲ್ಲ, ಲೇಖನ ಪ್ರಕಟವಾದ ವರ್ಷದಲ್ಲಿ ಇತ್ತೇ ಎಂದು ನೋಡಬೇಕು. ಜರ್ನಲ್‌ಗಳು ಪಟ್ಟಿಗೆ ಸೇರುತ್ತವೆ, ಪಟ್ಟಿಯಿಂದ ಹೊರಬೀಳುತ್ತವೆ. ಯುಜಿಸಿ ತಾನು ಒಪ್ಪುವ ಜರ್ನಲ್‌ಗಳ ಕೇರ್ ಪಟ್ಟಿಯನ್ನೇ 2025ರಲ್ಲಿ ಕೈಬಿಟ್ಟಿರುವುದರಿಂದ, ಜರ್ನಲ್ಲಿನ ಗುಣಮಟ್ಟ ಪರಿಶೀಲಿಸುವ ಹೊಣೆ ಈಗ ಸಂಸ್ಥೆಗಳ ಮೇಲೆಯೇ ಬಿದ್ದಿದೆ.

ಆಮೇಲೆ ಪ್ರತಿ ಲೇಖನದ ಪುಟವನ್ನು ತೆರೆದು ತಿದ್ದುಪಡಿ, ಕಳವಳ ಸೂಚನೆ ಅಥವಾ ಹಿಂತೆಗೆತದ ಪ್ರಕಟಣೆ ಇದೆಯೇ ನೋಡಿ. ರಿಟ್ರ್ಯಾಕ್ಷನ್ ವಾಚ್ ತಂಡ ಕೂಡಿಹಾಕಿದ ಹಿಂತೆಗೆದ ಲೇಖನಗಳ ದತ್ತಸಂಚಯವನ್ನು, ಡಿಒಐ ಸಂಖ್ಯೆಗಳನ್ನು ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆ 2023ರಲ್ಲಿ ಪಡೆದು ಎಲ್ಲರಿಗೂ ತೆರೆದಿಟ್ಟಿದೆ. ಪಬ್‌ಪಿಯರ್ ತಾಣದಲ್ಲಿ ಓದುಗರು ಎತ್ತಿದ ಪ್ರಶ್ನೆಗಳು ಸಿಗುತ್ತವೆ. ಆಣ್ವಿಕ ಜೀವವಿಜ್ಞಾನದಲ್ಲಿ ಇದು ಇನ್ನಷ್ಟು ಮುಖ್ಯವಾಗುವುದು ಚಿತ್ರಗಳ ಕಾರಣದಿಂದ: ಪ್ರೋಟೀನನ್ನು ಗುರುತಿಸುವ ವೆಸ್ಟರ್ನ್ ಬ್ಲಾಟ್ ಚಿತ್ರದ ಒಂದು ಪಟ್ಟೆಯನ್ನು ತಿರುಗಿಸಿ ಇನ್ನೊಂದು ಪ್ರಯೋಗದ ಫಲಿತಾಂಶವೆಂದು ತೋರಿಸುವುದು ಕಂಪ್ಯೂಟರಿನಲ್ಲಿ ಅರೆ ನಿಮಿಷದ ಕೆಲಸ. ಎಲಿಸಬೆತ್ ಬಿಕ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20,621 ಲೇಖನಗಳ ಚಿತ್ರಗಳನ್ನು ಕಣ್ಣಿನಿಂದಲೇ ಪರೀಕ್ಷಿಸಿ, ಶೇ. 3.8ರಷ್ಟು ಲೇಖನಗಳಲ್ಲಿ ಸಂದೇಹಾಸ್ಪದವಾಗಿ ಮರುಬಳಕೆಯಾದ ಚಿತ್ರಗಳನ್ನು ಕಂಡರು. ಹಾಗೆಂದ ಮಾತ್ರಕ್ಕೆ ಪಬ್‌ಪಿಯರ್‌ನಲ್ಲಿ ಯಾರೋ ಪ್ರಶ್ನೆ ಕೇಳಿದ್ದನ್ನೇ ತೀರ್ಪೆಂದು ಬರೆಯಬಾರದು. ಪ್ರಶ್ನೆ ಇದೆ, ಲೇಖಕರ ಉತ್ತರ ಇದೆ ಅಥವಾ ಇಲ್ಲ, ಜರ್ನಲ್ ಇಂಥ ಕ್ರಮ ಕೈಗೊಂಡಿದೆ ಎಂದಷ್ಟೇ ಬರೆಯಿರಿ. ಹಿಂತೆಗೆದ ಲೇಖನವನ್ನು ಪಟ್ಟಿಯಿಂದ ಅಳಿಸಬೇಡಿ. ಹಾಗೆಂದು ಗುರುತು ಹಾಕಿ ಎಣಿಕೆಯ ಹೊರಗಿಡಿ. ಪ್ರಾಮಾಣಿಕ ತಪ್ಪು ಕಂಡುಕೊಂಡು ತಾವಾಗಿಯೇ ಹಿಂತೆಗೆದವರೂ ಇದ್ದಾರೆ, ಪ್ರಕಟಣೆಯ ಒಕ್ಕಣೆ ಓದಿದರೆ ಅದು ತಿಳಿಯುತ್ತದೆ.

ಆರನೆಯ ಹಂತ: ಈಗ ಅಂಕಿ

ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಲೆಕ್ಕ ಸರಳ. ಲೇಖನಗಳನ್ನು ಉಲ್ಲೇಖಗಳ ಇಳಿಕೆಯ ಕ್ರಮದಲ್ಲಿ ಬರೆದು ಮೇಲಿನಿಂದ ಎಣಿಸುತ್ತ ಬಂದು, ಉಲ್ಲೇಖದ ಸಂಖ್ಯೆ ಸಾಲಿನ ಸಂಖ್ಯೆಗಿಂತ ಕಡಿಮೆಯಾಗುವ ಮೊದಲು ಎಲ್ಲಿ ನಿಲ್ಲುತ್ತೇವೆಯೋ ಅದೇ ಎಚ್. ಒಬ್ಬರಿಗೆ ಒಂಬತ್ತು ಲೇಖನಗಳಿದ್ದು ಅವುಗಳಿಗೆ ಕ್ರಮವಾಗಿ 212, 64, 41, 23, 15, 9, 6, 4, 1 ಉಲ್ಲೇಖಗಳಿವೆ ಎಂದಿಟ್ಟುಕೊಳ್ಳಿ. ಆರನೆಯ ಲೇಖನಕ್ಕೆ 9 ಇವೆ, ಏಳನೆಯದಕ್ಕೆ 6 ಮಾತ್ರ. ಆದ್ದರಿಂದ ಎಚ್ 6. ಹತ್ತಕ್ಕೆ ಕಡಿಮೆಯಿಲ್ಲದ ಉಲ್ಲೇಖ ಪಡೆದವು ಐದು, ಹಾಗಾಗಿ ಗೂಗಲ್ ಸ್ಕಾಲರ್ ತೋರಿಸುವ ಐ-10 ಇಂಡೆಕ್ಸ್ 5. ಒಟ್ಟು ಉಲ್ಲೇಖ 375.

ಈಗ ಕೋಷ್ಟಕದ ಬೇರೆ ಕಾಲಂಗಳನ್ನು ನೋಡೋಣ. 212 ಉಲ್ಲೇಖ ಪಡೆದ ಲೇಖನದಲ್ಲಿ ಮೂವತ್ತು ಲೇಖಕರು, ಇವರು ಹದಿನೇಳನೆಯವರು. ಅದನ್ನು ಬದಿಗಿಟ್ಟು ಎಣಿಸಿದರೆ ಒಟ್ಟು ಉಲ್ಲೇಖ ಒಮ್ಮೆಲೇ 163ಕ್ಕೆ ಇಳಿಯುತ್ತದೆ, ಎಚ್ ಮಾತ್ರ 6ರಲ್ಲೇ ಇರುತ್ತದೆ. ಇದು ಎಚ್-ಇಂಡೆಕ್ಸಿನ ಗುಣ: ಎಷ್ಟೇ ದೊಡ್ಡ ಲೇಖನವೊಂದು ಹೋದರೂ ಅದು ಇಳಿಯುವುದು ಹೆಚ್ಚೆಂದರೆ ಒಂದು ಅಂಕ. ಇನ್ನು ಉಳಿದ ಎಂಟರಲ್ಲಿ ಇವರೂ ಇವರ ಸಹಲೇಖಕರೂ ತಮ್ಮ ಮುಂದಿನ ಲೇಖನಗಳಲ್ಲಿ ತಾವೇ ಮಾಡಿಕೊಂಡ ಉಲ್ಲೇಖಗಳನ್ನು ಕಳೆದರೆ 58, 36, 17, 9, 5, 3, 2, 0 ಉಳಿಯುತ್ತವೆ ಎನ್ನೋಣ. ಈಗ ಎಚ್ 5, ಒಟ್ಟು 130. ಕಳೆದದ್ದು 33, ಅಂದರೆ ಸುಮಾರು ಐದರಲ್ಲೊಂದು ಪಾಲು. ಇದೇನೂ ಅಪರಾಧವಲ್ಲ, ರೇಷ್ಮೆಹುಳುವಿನ ಒಂದೇ ವೈರಸ್ಸಿನ ಬೆನ್ನು ಹತ್ತಿ ಹತ್ತು ವರ್ಷ ಕೆಲಸ ಮಾಡುವವರು ತಮ್ಮ ಹಿಂದಿನ ಲೇಖನವನ್ನು ಉಲ್ಲೇಖಿಸದೆ ಇನ್ನಾರದನ್ನು ಉಲ್ಲೇಖಿಸಬೇಕು? ಆದರೆ ಸಂಖ್ಯೆಯನ್ನು ಎರಡು ರೀತಿಯಲ್ಲೂ ಬರೆದಿಡುವುದು ಪ್ರಾಮಾಣಿಕತೆ.

ಗೂಗಲ್ ಸ್ಕಾಲರಿನ ಎಚ್ ಸ್ಕೋಪಸಿನ ಎಚ್‌ಗಿಂತ ಸಾಮಾನ್ಯವಾಗಿ ದೊಡ್ಡದಿರುತ್ತದೆ, ಏಕೆಂದರೆ ಅದು ಎಣಿಸುವ ಮೂಲಗಳೇ ಹೆಚ್ಚು. ಆದ್ದರಿಂದ ಒಬ್ಬರ ಎಚ್ ಅನ್ನು ಒಂದರಿಂದ, ಇನ್ನೊಬ್ಬರದನ್ನು ಇನ್ನೊಂದರಿಂದ ತೆಗೆದು ಹೋಲಿಸಬಾರದು. ಯಾವ ಅಂಕಿಯನ್ನೂ ಮೂಲದ ಹೆಸರು ಮತ್ತು ದಿನಾಂಕವಿಲ್ಲದೆ ಬರೆಯಬಾರದು. ಎಚ್ ವಯಸ್ಸಿನೊಂದಿಗೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ನಿವೃತ್ತರಾಗಿ ಮನೆಯಲ್ಲಿ ಕೂತವರ ಎಚ್ ಕೂಡ ಏರುತ್ತ ಹೋಗಬಹುದು.

ಹೋಲಿಕೆಯಲ್ಲಿ ಇನ್ನೂ ದೊಡ್ಡ ಹಳ್ಳ ವಿಷಯದ ಗಾತ್ರ. ಕ್ಯಾನ್ಸರಿನ ಜೀನ್ ಒಂದರ ಮೇಲೆ ಜಗತ್ತಿನಾದ್ಯಂತ ಸಾವಿರಾರು ಪ್ರಯೋಗಾಲಯಗಳು ಕೆಲಸ ಮಾಡುತ್ತವೆ. ರಾಗಿಯ ಬೆಂಕಿರೋಗ ತಡೆಯುವ ಜೀನ್‌ಗಳ ಮೇಲೆ ಕೆಲಸ ಮಾಡುವವರು ಬೆರಳೆಣಿಕೆಯಷ್ಟು. ರಾಗಿಯ ಜೀನೋಮ್ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡದಿಂದ ಪ್ರಕಟವಾದದ್ದೇ 2017ರಲ್ಲಿ, ಭತ್ತದ ಜೀನೋಮಿನ ಕರಡು 2002ರಲ್ಲೇ ಬಂದಿತ್ತು. ಉಲ್ಲೇಖಿಸುವ ಜನವೇ ಕಡಿಮೆಯಿರುವ ಕಡೆ ಉಲ್ಲೇಖ ಎಲ್ಲಿಂದ ಬರಬೇಕು? ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರು ದ್ವಿತಳಿ ಗೂಡನ್ನು ದ್ವಿತಳಿಯ ದರದೊಂದಿಗೆ, ಮಿಶ್ರತಳಿಯನ್ನು ಮಿಶ್ರತಳಿಯ ದರದೊಂದಿಗೆ ಹೋಲಿಸುವಂತೆ ಇಲ್ಲಿಯೂ ಆಯಾ ಕ್ಷೇತ್ರದೊಳಗೇ ಹೋಲಿಸಬೇಕು. ಅದಕ್ಕೆ ಉಚಿತವಾಗಿ ಸಿಗುವ ಸಾಧನ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಐಸೈಟ್. ಪಬ್‌ಮೆಡ್ ಸಂಖ್ಯೆಗಳನ್ನು ಅಲ್ಲಿ ಹಾಕಿದರೆ ಪ್ರತಿ ಲೇಖನಕ್ಕೂ ಸಾಪೇಕ್ಷ ಉಲ್ಲೇಖ ಅನುಪಾತ ಸಿಗುತ್ತದೆ. ಒಂದು ಲೇಖನ ಯಾವ ಲೇಖನಗಳ ಜೊತೆಜೊತೆಗೆ ಉಲ್ಲೇಖವಾಗುತ್ತದೋ ಅವುಗಳನ್ನೇ ಅದರ ಕ್ಷೇತ್ರವೆಂದು ಗಣಿಸಿ ಈ ಅನುಪಾತ ತೆಗೆಯುತ್ತಾರೆ. 1 ಎಂದರೆ ಆ ಸಂಸ್ಥೆಗಳ ಧನಸಹಾಯದಿಂದ ಬಂದ, ಅದೇ ಕ್ಷೇತ್ರದ ನಡುಮಟ್ಟದ (ಮೀಡಿಯನ್) ಲೇಖನಕ್ಕೆ ಸಮ. 2 ಎಂದರೆ ಅದರ ಎರಡರಷ್ಟು. 40 ಉಲ್ಲೇಖದ ರಾಗಿಯ ಲೇಖನ 150 ಉಲ್ಲೇಖದ ಕ್ಯಾನ್ಸರ್ ಲೇಖನಕ್ಕಿಂತ ಇಲ್ಲಿ ಮೇಲೆ ನಿಲ್ಲಬಹುದು. ಪಬ್‌ಮೆಡ್‌ನಲ್ಲಿಲ್ಲದ ಕೃಷಿ ಜರ್ನಲ್‌ಗಳ ಲೇಖನ ಮಾತ್ರ ಇದಕ್ಕೆ ಸಿಗುವುದಿಲ್ಲ.

ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ಹೆಚ್ಚು ಬರೆಯಬೇಕಾದ್ದಿಲ್ಲ. ಅದು ಜರ್ನಲ್ಲಿನ ಹಿಂದಿನ ಎರಡು ವರ್ಷಗಳ ಲೇಖನಗಳ ಸರಾಸರಿ ಉಲ್ಲೇಖ, ಲೇಖಕರದಲ್ಲ. ಕೆಲವೇ ಲೇಖನಗಳು ಆ ಸರಾಸರಿಯನ್ನು ಮೇಲೆತ್ತಿರುತ್ತವೆ. ಅದನ್ನು ವ್ಯಕ್ತಿಯ ಮೌಲ್ಯಮಾಪನಕ್ಕೆ ಬಳಸಬಾರದೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೀವಕೋಶ ವಿಜ್ಞಾನಿಗಳ ಸಮಾವೇಶದಲ್ಲೇ ರೂಪುಗೊಂಡ ಡೋರಾ ಘೋಷಣೆ ಹೇಳಿದೆ. ಬಡ್ತಿಯ ನಮೂನೆ ಕೇಳಿದರೆ ತುಂಬಿ ಕೊಡಿ, ಅಷ್ಟೇ.

ಜಗತ್ತಿನ ಮುಂಚೂಣಿಯ ಶೇ. 2ರಷ್ಟು ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಜಿಲ್ಲೆಯವರು ಎಂಬ ಸುದ್ದಿ ಪ್ರತಿ ವರ್ಷ ಸ್ಥಳೀಯ ಪುಟಗಳಲ್ಲಿ ಬರುವುದರಿಂದ ಅದನ್ನೂ ಹೇಳಿಬಿಡುತ್ತೇನೆ. ಸ್ಟ್ಯಾನ್‌ಫರ್ಡಿನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು 2019ರಿಂದ ಸ್ಕೋಪಸ್ ದತ್ತಾಂಶದ ಮೇಲೆ ಸಿದ್ಧಪಡಿಸುತ್ತಿರುವ ಈ ಪಟ್ಟಿಯಲ್ಲಿ ಇಡೀ ವೃತ್ತಿಜೀವನದ್ದೊಂದು, ಒಂದೇ ವರ್ಷದ್ದೊಂದು ಎಂದು ಎರಡು ಭಾಗಗಳಿವೆ. ಅವು ಒಂದೇ ಅಲ್ಲ. ಸುದ್ದಿಯಲ್ಲಿ ಯಾವುದೆಂದು ಹೇಳಿರುವುದಿಲ್ಲ, ದಾಖಲೆಯಲ್ಲಿ ನೀವು ಹೇಳಲೇಬೇಕು.

ಏಳನೆಯ ಹಂತ: ಉಲ್ಲೇಖಗಳನ್ನು ಓದುವುದು

ಇಲ್ಲಿಯವರೆಗಿನದನ್ನು ತಾಳ್ಮೆಯಿರುವ ಯಾರಾದರೂ ಮಾಡಬಹುದು. ಈ ಹಂತಕ್ಕೆ ವಿಷಯ ಬಲ್ಲವರ ನೆರವು ಬೇಕು, ಮತ್ತು ಇದನ್ನು ಬಿಟ್ಟ ದಾಖಲೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಸಂಶೋಧಕರ ಮುಖ್ಯವಾದ ಮೂರು ಲೇಖನಗಳನ್ನು ಆರಿಸಿ, ಪ್ರತಿಯೊಂದನ್ನೂ ಉಲ್ಲೇಖಿಸಿದ ಹತ್ತು ಹತ್ತು ಲೇಖನಗಳನ್ನು ತೆರೆದು, ಉಲ್ಲೇಖ ಎಲ್ಲಿ, ಯಾವ ವಾಕ್ಯದಲ್ಲಿ ಬಂದಿದೆ ಎಂದು ನೋಡಿ. ಪೀಠಿಕೆಯಲ್ಲಿ ಏಳೆಂಟು ಹೆಸರುಗಳ ಗುಂಪಿನಲ್ಲಿ ಬಂದಿದೆಯೇ? ವಿಧಾನದ ಭಾಗದಲ್ಲಿ 'ಇವರ ಕ್ರಮವನ್ನು ಅನುಸರಿಸಿ' ಎಂದಿದೆಯೇ? ಚರ್ಚೆಯ ಭಾಗದಲ್ಲಿ ಇವರ ಫಲಿತಾಂಶವನ್ನು ಒಪ್ಪಿದ್ದಾರೆಯೇ, ಅಲ್ಲಗಳೆದಿದ್ದಾರೆಯೇ? ಅಲ್ಲಗಳೆದ ಉಲ್ಲೇಖವೂ ಎಣಿಕೆಯಲ್ಲಿ ಒಂದೇ.

ಎಣಿಕೆಗೂ ಮಹತ್ವಕ್ಕೂ ಇರುವ ಅಂತರಕ್ಕೆ ಆಣ್ವಿಕ ಜೀವವಿಜ್ಞಾನದ ಚರಿತ್ರೆಯಲ್ಲೇ ಸಾಕ್ಷಿಯಿದೆ. 2014ರಲ್ಲಿ ನೇಚರ್ ಪತ್ರಿಕೆ ವೆಬ್ ಆಫ್ ಸೈನ್ಸ್ ದತ್ತಾಂಶದಿಂದ ಸಾರ್ವಕಾಲಿಕವಾಗಿ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಲೇಖನಗಳನ್ನು ಪಟ್ಟಿಮಾಡಿದಾಗ ಮೊದಲ ಸ್ಥಾನದಲ್ಲಿದ್ದದ್ದು ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ಲೌರಿ ಅವರ 1951ರ ವಿಧಾನ, ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖಗಳೊಂದಿಗೆ. ಎರಡನೆಯದು ಜೆಲ್‌ನಲ್ಲಿ ಪ್ರೋಟೀನ್ ಬೇರ್ಪಡಿಸುವ ಲೆಮ್ಲಿ ಅವರ 1970ರ ಲೇಖನ, ಮೂರನೆಯದು ಬ್ರ್ಯಾಡ್‌ಫರ್ಡ್ ಅವರ 1976ರ, ಪ್ರೋಟೀನ್ ಅಳೆಯುವ ಮತ್ತೊಂದು ವಿಧಾನ; ನಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳು ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಬರೆಯುವ ಹೆಸರುಗಳೇ ಇವೆಲ್ಲ. ಡಿಎನ್ಎಯ ಜೋಡಿಸುರುಳಿ ರಚನೆಯನ್ನು ಸಾರಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಲೇಖನ ಆ ನೂರರ ಹತ್ತಿರಕ್ಕೂ ಬರಲಿಲ್ಲ. ಒಂದು ಅರಿವು ಪಠ್ಯಪುಸ್ತಕಕ್ಕೆ ಇಳಿದ ಮೇಲೆ ಮೂಲವನ್ನು ಯಾರೂ ಉಲ್ಲೇಖಿಸುವುದಿಲ್ಲ. ಮದ್ರಾಸಿನಲ್ಲಿದ್ದು ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಜಿ.ಎನ್. ರಾಮಚಂದ್ರನ್ ಅವರ, ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ಬಾಗಬಲ್ಲದೆಂದು ತೋರಿಸುವ 1963ರ ನಕ್ಷೆಯನ್ನು ಪ್ರೋಟೀನ್ ರಚನೆ ಬಿಡಿಸುವವರು ಇಂದಿಗೂ ನಿತ್ಯ ಬಳಸುತ್ತಾರೆ. ಹಲವರು ರಾಮಚಂದ್ರನ್ ನಕ್ಷೆ ಎಂದು ಬರೆದು ಮುಂದೆ ಹೋಗುತ್ತಾರೆ, ಲೇಖನದ ಹೆಸರು ಹಾಕುವುದಿಲ್ಲ.

ಉಲ್ಲೇಖದ ಎಣಿಕೆಗೆ ಸಿಗದ ಬೇರೆ ಕೊಡುಗೆಗಳನ್ನೂ ಈ ಹಂತದಲ್ಲೇ ದಾಖಲಿಸಿ: ಜೆನ್‌ಬ್ಯಾಂಕಿಗೆ ಸಲ್ಲಿಸಿದ ಜೀನ್ ಅನುಕ್ರಮಗಳು, ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿಟ್ಟ ರಚನೆಗಳು, ಬೇರೆ ಪ್ರಯೋಗಾಲಯಗಳಿಗೆ ಹಂಚಿದ ಪ್ಲಾಸ್ಮಿಡ್‌ಗಳು (ಜೀನ್ ಸಾಗಿಸಲು ಬಳಸುವ ಡಿಎನ್ಎ ಉಂಗುರಗಳು), ಪೇಟೆಂಟ್, ಮಾರ್ಗದರ್ಶನದಲ್ಲಿ ಪೂರ್ಣಗೊಂಡ ಪಿಎಚ್.ಡಿ.ಗಳು.

ಕೊನೆಯ ಹಂತ: ಬರೆದು, ತೋರಿಸುವುದು

ದಾಖಲೆಯ ಮೊದಲ ಪುಟದಲ್ಲಿ ಅಂಕಿಗಳನ್ನು ವಾಕ್ಯಗಳಾಗಿಯೇ ಬರೆಯಿರಿ. ನಾನು ಬಳಸುವ ಒಕ್ಕಣೆ ಹೀಗಿದೆ: 'ಇಂಥವರು 2011ರಿಂದ ಇಲ್ಲಿಯವರೆಗೆ ಒಂಬತ್ತು ಲೇಖನಗಳನ್ನು ಪ್ರಕಟಿಸಿದ್ದಾರೆ. ಏಳು ಮೂಲ ಲೇಖನ, ಎರಡು ವಿಮರ್ಶಾ ಲೇಖನ. ಮೂರರಲ್ಲಿ ಮೊದಲ ಲೇಖಕರು, ಎರಡರಲ್ಲಿ ಕರೆಸ್ಪಾಂಡಿಂಗ್ ಲೇಖಕರು. ಇಂಥ ದಿನ ಸ್ಕೋಪಸ್ ಪ್ರಕಾರ ಎಚ್-ಇಂಡೆಕ್ಸ್ 6, ಮೂವತ್ತು ಲೇಖಕರ ಒಂದು ಲೇಖನವನ್ನೂ ಸ್ವಂತ ಹಾಗೂ ಸಹಲೇಖಕರ ಉಲ್ಲೇಖಗಳನ್ನೂ ಬಿಟ್ಟರೆ 5. ಅತಿ ಹೆಚ್ಚು ಬಳಕೆಯಾಗಿರುವುದು ಅವರ ಆರ್‌ಎನ್‌ಎ ಬೇರ್ಪಡಿಸುವ ವಿಧಾನ. ಪರಿಶೀಲಿಸಿದ ಹತ್ತು ಉಲ್ಲೇಖಗಳಲ್ಲಿ ಏಳು ವಿಧಾನದ ಭಾಗದಲ್ಲಿವೆ.' ಇದರ ಹಿಂದೆ ಪೂರ್ಣ ಕೋಷ್ಟಕವನ್ನು ಲಗತ್ತಿಸಿ.

ಸಮಿತಿಗೆ ಕಳಿಸುವ ಮೊದಲು ದಾಖಲೆಯ ಒಂದು ಪ್ರತಿಯನ್ನು ಸಂಶೋಧಕರ ಕೈಗೆ ಕೊಟ್ಟು ಒಂದು ವಾರ ಬಿಡಿ. ಕಳೆದ ಸಲ ಅಧ್ಯಾಪಕಿಯೊಬ್ಬರಿಗೆ ಹೀಗೆ ಕೊಟ್ಟ ಹಾಳೆಗಳು ನನಗೆ ಹಿಂದಿರುಗಿದಾಗ ಆ ಮೇಡಂ ಎರಡು ಕಡೆ ಪೆನ್ಸಿಲ್ ಗುರುತು ಹಾಕಿದ್ದರು. ನಾನು ಬಿಟ್ಟಿದ್ದ, ಮದುವೆಗೆ ಮುಂಚಿನ ಇನಿಷಿಯಲ್ಲಿನಲ್ಲಿ ಬಂದಿದ್ದ ಲೇಖನವೊಂದನ್ನು ಅಂಚಿನಲ್ಲಿ ಸೇರಿಸಿದ್ದರು. ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದ, ಸಾಕಷ್ಟು ಉಲ್ಲೇಖಗಳಿದ್ದ ಇನ್ನೊಂದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ 'ಇದು ನನ್ನದಲ್ಲ, ಇದೇ ಹೆಸರಿನವರು ಹೈದರಾಬಾದಿನಲ್ಲಿದ್ದಾರೆ' ಎಂದು ಬರೆದಿದ್ದರು. ಎಚ್ ಒಂದು ಅಂಕ ಕಡಿಮೆಯಾಯಿತು. ಕೋಷ್ಟಕ ತಿದ್ದಿ, ಹೊಸ ದಿನಾಂಕ ಹಾಕಿ, ಮತ್ತೆ ಮುದ್ರಿಸಿ ಕೊಟ್ಟೆ.